ಕ್ಲಚ್ಚಿನ ಜೊತೆ ಹೋದ ಕಾವಲು

“ಅಪ್ಪಾ, ಇದ್ರಾಗ ಕ್ಲಚ್ ಇಲ್ಲ, ಗೇರ್ ಬದಲಿ ಮಾಡೂ ತ್ರಾಸ ಇಲ್ಲ. ಸ್ಕೂಟಿ ಹೊಡದಂಗ ಹೊಡೀರಿ, ಮುಗೀತು.”

ಹೈದರಾಬಾದಿನಲ್ಲೋ ಪುಣೆಯಲ್ಲೋ ನೌಕರಿಗಿರುವ ಮಗ ಊರಿಗೆ ಬಂದು, ತಂದೆಯ ಕೈಗೆ ಹೊಸ ಕಾರಿನ ಕೀಲಿ ಕೊಡುವಾಗ ಹೀಗೆ ಹೇಳುತ್ತಾನೆ. ಬೀದರ್, ಭಾಲ್ಕಿ, ಔರಾದ ಕಡೆಯ ಮನೆಗಳಲ್ಲಿ ಈ ಮಾತು ಈಗ ಹೊಸದಲ್ಲ. ಮೊಣಕಾಲು ನೋವಿನ ತಂದೆಗೆ ಎಡಗಾಲಿನ ಕೆಲಸ ತಪ್ಪಲಿ ಎಂಬ ಕಾಳಜಿ ಅದರಲ್ಲಿದೆ. ಹೋಲಿಕೆ ಮಾತ್ರ ತಪ್ಪು. ಸ್ಕೂಟಿಯಲ್ಲಿ ರೇಸ್ ಕೊಡುವುದು ಬಲಗೈ ಮಣಿಕಟ್ಟು ತಿರುವಿ, ಬ್ರೇಕ್ ಹಿಡಿಯುವುದು ಬೆರಳು ಮಡಚಿ. ಎರಡು ಕೆಲಸಕ್ಕೆ ಎರಡು ಬೇರೆ ಚಲನೆ. ಆಟೊಮ್ಯಾಟಿಕ್ ಕಾರಿನಲ್ಲಿ ಹಾಗಿಲ್ಲ. ಮುಂದೆ ಹೋಗುವುದಕ್ಕೂ ನಿಲ್ಲುವುದಕ್ಕೂ ಒಂದೇ ಕಾಲು, ಒಂದೇ ದಿಕ್ಕು, ಒಂದೇ ಬಗೆಯ ಒತ್ತು. ಎರಡು ಪೆಡಲ್‌ಗಳ ನಡುವೆ ಇರುವುದು ಕೆಲವೇ ಬೆರಳಿನ ಅಂತರ.

ಆ ಅಂತರದಲ್ಲಿ ಕಾಲು ತಪ್ಪುತ್ತದೆ. ಯಾರ ಕಾಲು, ಎಂಥ ಜಾಗದಲ್ಲಿ, ಎಂಥ ಹೊತ್ತಿನಲ್ಲಿ ತಪ್ಪುತ್ತದೆ ಎನ್ನುವುದು ಜಗತ್ತಿಗೆ ಮೂರು ದಶಕಕ್ಕೂ ಹೆಚ್ಚು ಕಾಲದಿಂದ ಗೊತ್ತಿದೆ. ಹೀಗೆ ಮೊದಲೇ ಗೊತ್ತಿರುವ ತಪ್ಪನ್ನು ತಡೆಯುವ ಹೊಣೆ ಪೆಡಲ್ ಒತ್ತಿದವನೊಬ್ಬನ ಮೇಲೆ ಬೀಳಬಾರದು. ಕಾರು ಮಾಡಿದವರು, ಮಾರಿದವರು, ಕಲಿಸಿದವರು, ಲೈಸೆನ್ಸ್ ಕೊಟ್ಟವರು ಎಲ್ಲರಿಗೂ ಅದರಲ್ಲಿ ಪಾಲಿದೆ ಎಂದು ನಾನು ನಂಬುತ್ತೇನೆ.

ಬೀದರಿನ ಕಾಳಿನ ಮಾರುಕಟ್ಟೆ ಗಾಂಧಿ ಗಂಜನ್ನು ಕಣ್ಣ ಮುಂದೆ ಇಟ್ಟುಕೊಂಡರೆ ಈ ವಿಷಯ ಎಷ್ಟು ಹತ್ತಿರದ್ದು ಎಂದು ತಿಳಿಯುತ್ತದೆ. ಮಳೆಗಾಲದ ಕೊನೆಗೆ ಹೆಸರು, ಉದ್ದು, ಅದರ ಬೆನ್ನಿಗೆ ಸೋಯಾ, ಚಳಿ ಬೀಳುವ ಹೊತ್ತಿಗೆ ತೊಗರಿ, ಆಮೇಲೆ ಕಡಲೆ. ಹಂಗಾಮಿನ ದಿನಗಳಲ್ಲಿ ಅಡತ್ ಅಂಗಡಿಗಳ ಮುಂದೆ ಚೀಲಗಳ ಥಪ್ಪಿ ರಸ್ತೆಯವರೆಗೆ ಬರುತ್ತದೆ. ಲಾರಿ, ಟ್ರ್ಯಾಕ್ಟರ್, ಟಂಟಂ, ಬೈಕು, ಅವುಗಳ ನಡುವೆ ಬೆನ್ನ ಮೇಲೆ ಚೀಲ ಹೊತ್ತ ಹಮಾಲರು. ಚೀಲ ಹೊತ್ತವನಿಗೆ ತಲೆ ಎತ್ತಿ ನೋಡಲು ಆಗುವುದಿಲ್ಲ, ಸರಕ್ಕನೆ ಪಕ್ಕಕ್ಕೆ ಸರಿಯಲೂ ಆಗುವುದಿಲ್ಲ. ಇಲ್ಲಿ ಕಾರು ನಿಲ್ಲಿಸಿದರೆ ಬಂಪರಿನಿಂದ ಎದುರಿನ ಮನುಷ್ಯನಿಗೆ ಎರಡು ಮೀಟರ್, ಹೆಚ್ಚೆಂದರೆ ಮೂರು ಮೀಟರ್.

ಈಗ ಒಂದು ಸಣ್ಣ ಲೆಕ್ಕ. ನಿಂತ ಕಾರಿನ ರೇಸನ್ನು ಪೂರ್ತಿ ಒತ್ತಿದರೆ ಅದರ ವೇಗ ಪ್ರತಿ ಸೆಕೆಂಡಿಗೆ 3 ಮೀಟರ್‌ನಷ್ಟು ಏರುತ್ತದೆ ಎಂದಿಟ್ಟುಕೊಳ್ಳಿ. ಸಾಧಾರಣ ಪೆಟ್ರೋಲ್ ಕಾರಿಗೂ ಇದು ಅಸಾಧ್ಯವಲ್ಲ. ಎಲೆಕ್ಟ್ರಿಕ್ ಕಾರು ಇದಕ್ಕಿಂತ ಚುರುಕಾಗಿ ನುಗ್ಗಬಲ್ಲದು. 2 ಸೆಕೆಂಡಿನಲ್ಲಿ ಆ ಕಾರು 6 ಮೀಟರ್ ಸಾಗಿ, ಗಂಟೆಗೆ 20 ಕಿಲೋಮೀಟರ್ ವೇಗ ದಾಟಿರುತ್ತದೆ. ಏನಾಗುತ್ತಿದೆ ಎಂದು ಅರಿತು, ಕಾಲೆತ್ತಿ, ಸರಿಯಾದ ಪೆಡಲ್ ಹುಡುಕಲು ಬೆಚ್ಚಿದ ಮನುಷ್ಯನಿಗೆ 2 ಸೆಕೆಂಡು ಸಾಲುವುದಿಲ್ಲ. ಹೆದ್ದಾರಿಯಲ್ಲಿ ಈ ತಪ್ಪಿಗೆ ಸ್ವಲ್ಪ ಜಾಗವಾದರೂ ಸಿಗುತ್ತದೆ. ಗಂಜಿನಲ್ಲಿ ಸಿಗುವುದಿಲ್ಲ.

ಹಳೆಯ ಗೇರ್ ಕಾರಿನಲ್ಲೂ ಕಾಲು ತಪ್ಪುತ್ತಿತ್ತು. ಆದರೆ ಅಲ್ಲಿ ಒಂದು ಕಾವಲಿತ್ತು, ಅದನ್ನು ಕಾವಲು ಎಂದು ಯಾರೂ ಎಣಿಸಲಿಲ್ಲ. ಗೇರ್ ಕಾರು ಕಲಿತವನಿಗೆ ಗಾಬರಿಯಾದರೆ ಎರಡೂ ಕಾಲು ಒಟ್ಟಿಗೆ ಇಳಿಯುತ್ತವೆ. ಬಲಗಾಲು ತಪ್ಪಿ ರೇಸಿನ ಮೇಲೆ ಬಿದ್ದರೂ ಎಡಗಾಲು ಕ್ಲಚ್ಚನ್ನು ತಳಕ್ಕೆ ಒತ್ತಿರುತ್ತದೆ. ಎಂಜಿನ್ ಅಬ್ಬರಿಸುತ್ತದೆ, ಚಕ್ರಕ್ಕೆ ಬಲ ಹೋಗುವುದಿಲ್ಲ. ಕ್ಲಚ್ಚನ್ನು ಸರಕ್ಕನೆ ಬಿಟ್ಟರೆ ಗಾಡಿ ಒಂದು ಜಗ್ಗು ಜಗ್ಗಿ ಬಂದ್ ಬೀಳುತ್ತದೆ. ಕಲಿಯುವವರಿಗೆ ಅವಮಾನ ತರುವ ಆ ‘ಬಂದ್ ಬೀಳುವುದು’ ಎಷ್ಟೋ ಗೋಡೆಗಳನ್ನೂ ಕಾಲುಗಳನ್ನೂ ಉಳಿಸಿದೆ. ಕ್ಲಚ್ ತೆಗೆದಾಗ ಈ ಕಾವಲೂ ಹೋಯಿತು. ಅದರ ಜಾಗದಲ್ಲಿ ಏನು ಬಂತು, ಏನು ಬರಲಿಲ್ಲ ಎಂಬುದೇ ಮುಂದಿನ ಕಥೆ.

ಎರಡು ಪೆಡಲಿನ ಕಾರು ಕರ್ನಾಟಕಕ್ಕೆ ತೀರ ಹೊಸದೇನಲ್ಲ. ಬೆಂಗಳೂರಿನಲ್ಲೇ ತಯಾರಾದ ರೇವಾ ಎಲೆಕ್ಟ್ರಿಕ್ ಕಾರು 2001ರಲ್ಲಿ ಮಾರುಕಟ್ಟೆಗೆ ಬಂದಾಗಲೇ ಅದಕ್ಕೆ ಕ್ಲಚ್ಚೂ ಇರಲಿಲ್ಲ, ಗೇರೂ ಇರಲಿಲ್ಲ. ಆದರೆ ಸಣ್ಣ ಊರುಗಳ ಸಾಮಾನ್ಯ ಮನೆಗೆ ಆಟೊಮ್ಯಾಟಿಕ್ ಬಂದದ್ದು 2014ರ ನಂತರ. ಆ ವರ್ಷ ಫೆಬ್ರುವರಿಯ ಆಟೊ ಎಕ್ಸ್‌ಪೋದಲ್ಲಿ ಮಾರುತಿ ಸೆಲೆರಿಯೊ ಕಾರು ಎಎಂಟಿ ಎಂಬ ವ್ಯವಸ್ಥೆಯೊಂದಿಗೆ ಬಂತು. ಅದು ಒಳಗೆ ಹಳೆಯ ಗೇರ್ ಪೆಟ್ಟಿಗೆಯೇ, ಹಳೆಯ ಕ್ಲಚ್ಚೇ. ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸವನ್ನು ಕಂಪ್ಯೂಟರಿನ ಮಾತು ಕೇಳುವ ಹೈಡ್ರಾಲಿಕ್ ಯಂತ್ರ ಮಾಡುತ್ತದೆ. ಇದರಿಂದ ಬೆಲೆ ಇಳಿಯಿತು, ಮೈಲೇಜಿನ ಚಿಂತೆಯೂ ಇಳಿಯಿತು. ದುಬಾರಿ ಕಾರುಗಳಲ್ಲಿ ಟಾರ್ಕ್ ಕನ್ವರ್ಟರ್, ಸಿವಿಟಿ, ಎರಡು ಕ್ಲಚ್ಚಿನ ಡಿಸಿಟಿ ಎಂದು ಬೇರೆ ಬಗೆಗಳಿವೆ. ಕೂತು ಓಡಿಸುವವನಿಗೆ ಎಲ್ಲವೂ ‘ಆಟೊಮ್ಯಾಟಿಕ್’. ಆದರೆ ಇವು ಒಂದೇ ರೀತಿ ನಡೆದುಕೊಳ್ಳುವುದಿಲ್ಲ, ಮತ್ತು ವ್ಯತ್ಯಾಸ ಗೊತ್ತಾಗುವುದು ಇಕ್ಕಟ್ಟಿನ ಜಾಗದಲ್ಲಿ, ಇಳಿಜಾರಿನಲ್ಲಿ.

ಟಾರ್ಕ್ ಕನ್ವರ್ಟರ್ ಇರುವ ಕಾರಿನಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆ ತುಂಬಿದ ಗಡಿಗೆಯಂಥ ಭಾಗವಿದೆ. ಎಂಜಿನ್ ಸುಮ್ಮನೆ ತಿರುಗುತ್ತಿದ್ದರೂ ಆ ಎಣ್ಣೆ ಸ್ವಲ್ಪ ಬಲವನ್ನು ದಾಟಿಸುತ್ತಲೇ ಇರುತ್ತದೆ. ಹಾಗಾಗಿ ಮುಂದೆ ಹೋಗುವ ಗೇರಾದ D ಹಾಕಿ ಬ್ರೇಕಿನಿಂದ ಕಾಲು ತೆಗೆದರೆ, ರೇಸ್ ಮುಟ್ಟದೆಯೇ ಗಾಡಿ ಮೆಲ್ಲಗೆ ತೆವಳುತ್ತದೆ. ಇದು ದೋಷವಲ್ಲ, ವರ. ಗಂಜಿನಂಥ ಕಡೆ ಇಡೀ ಓಣಿಯನ್ನು ಈ ತೆವಳಿಕೆಯಲ್ಲೇ, ಬಲಗಾಲನ್ನು ಬ್ರೇಕಿನ ಮೇಲಿಂದ ಕದಲಿಸದೆ ದಾಟಬಹುದು. ರೇಸಿನ ಹತ್ತಿರ ಹೋಗದ ಕಾಲು ರೇಸನ್ನು ತಪ್ಪಾಗಿ ಒತ್ತುವುದು ಹೇಗೆ? ಎಎಂಟಿ ಕಾರುಗಳಲ್ಲಿ ಕೆಲವಕ್ಕೆ ಈ ತೆವಳಿಕೆ ಇದೆ, ಕೆಲವಕ್ಕೆ ಇಲ್ಲ. ಇಲ್ಲದ ಕಾರಿನಲ್ಲಿ ಒಂದಡಿ ಮುಂದೆ ಹೋಗಲೂ ರೇಸ್ ಮುಟ್ಟಬೇಕು, ಮತ್ತೆ ಬ್ರೇಕಿಗೆ ಬರಬೇಕು, ಮತ್ತೆ ರೇಸ್. ಕಾಲು ದಾಟುವ ಪ್ರತಿ ಸಲವೂ ತಪ್ಪಿಗೆ ಒಂದು ಅವಕಾಶ. ಕಾರು ಕೊಳ್ಳುವವರು ಬಣ್ಣ, ಟಚ್ ಸ್ಕ್ರೀನು ನೋಡುವ ಮೊದಲು ಕೇಳಬೇಕಾದ ಪ್ರಶ್ನೆ: ಇದಕ್ಕೆ ತೆವಳಿಕೆ ಇದೆಯೇ?

ಆಡಿ ಕಾರಿನ ಪ್ರಕರಣ

ಕಾಲು ಹೇಗೆ ತಪ್ಪುತ್ತದೆ ಎಂದು ಲೋಕ ಅರಿತದ್ದು ಒಂದು ದೊಡ್ಡ ಗದ್ದಲದಿಂದ. 1980ರ ದಶಕದಲ್ಲಿ ಅಮೆರಿಕದಲ್ಲಿ ಆಡಿ 5000 ಎಂಬ ಕಾರಿನ ಮೇಲೆ ದೂರುಗಳು ಬಂದವು: ನಿಲುಗಡೆಯ P ಯಿಂದ ಮುಂದೆ ಹೋಗುವ D ಗೋ ಹಿಂದೆ ಹೋಗುವ R ಗೋ ಹಾಕಿದ ತಕ್ಷಣ ಕಾರು ತಾನಾಗಿ ನುಗ್ಗಿತು, ಬ್ರೇಕ್ ಎಷ್ಟು ಒತ್ತಿದರೂ ನಿಲ್ಲಲಿಲ್ಲ. ಜನ ಸತ್ತರು, ಮಕ್ಕಳೂ ಸತ್ತರು. 1986ರ ನವೆಂಬರ್ 23ರಂದು ಸಿಬಿಎಸ್ ಟಿವಿಯ ‘60 ಮಿನಿಟ್ಸ್’ ಕಾರ್ಯಕ್ರಮ ಈ ಕಾರಿನ ಮೇಲೆ ವರದಿ ಮಾಡಿತು. ರೇಸ್ ಪೆಡಲ್ ತಾನಾಗಿ ಕೆಳಗಿಳಿಯುವುದನ್ನು ತೆರೆಯ ಮೇಲೆ ತೋರಿಸಿತು. ಆಮೇಲೆ ಗೊತ್ತಾಯಿತು, ಗೇರ್ ಪೆಟ್ಟಿಗೆಗೆ ತೂತು ಕೊರೆದು ಹೊರಗಿನಿಂದ ಒತ್ತಡ ಕೊಟ್ಟು ಆ ಪೆಡಲನ್ನು ಇಳಿಸಿದ್ದರು. 1985ರಲ್ಲಿ ಅಮೆರಿಕದಲ್ಲಿ 74 ಸಾವಿರ ಕಾರು ಮಾರಿದ್ದ ಆಡಿ, 1991ರ ಹೊತ್ತಿಗೆ 12 ಸಾವಿರದ ಆಸುಪಾಸಿಗೆ ಕುಸಿಯಿತು.

ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 1989ರಲ್ಲಿ ತನಿಖಾ ವರದಿ ಕೊಟ್ಟಿತು. ಬಹುತೇಕ ಪ್ರಕರಣಗಳಲ್ಲಿ ಚಾಲಕರು ಬ್ರೇಕ್ ಎಂದುಕೊಂಡು ರೇಸನ್ನು ಒತ್ತಿದ್ದರು ಎಂಬುದು ಅದರ ತೀರ್ಮಾನ. ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ, ‘ಕೊನೆಗೂ ತಪ್ಪು ಚಾಲಕರದ್ದೇ’ ಎಂದು. ವರದಿ ಅಲ್ಲಿಗೆ ನಿಂತಿರಲಿಲ್ಲ. ಆ ಕಾರಿನ ಪೆಡಲ್‌ಗಳ ಜೋಡಣೆ ಅಮೆರಿಕನ್ನರಿಗೆ ರೂಢಿಯಿದ್ದ ಕಾರುಗಳಂತೆ ಇರಲಿಲ್ಲ. ನಿಂತ ಕಾರಿನಲ್ಲಿ ಎಂಜಿನ್ ಸುಮ್ಮನೆ ತಿರುಗುವ ವೇಗವನ್ನು ಹಿಡಿದಿಡುವ ಒಂದು ಭಾಗ ಆಗಾಗ ಕೆಟ್ಟು, ಎಂಜಿನ್ ಇದ್ದಕ್ಕಿದ್ದಂತೆ ಏರುತ್ತಿತ್ತು. ಅದು ಕಾರನ್ನು ಗೋಡೆಗೆ ನುಗ್ಗಿಸುವಷ್ಟು ದೊಡ್ಡ ದೋಷವಲ್ಲ. ಮನುಷ್ಯನನ್ನು ಬೆಚ್ಚಿ ಬೀಳಿಸುವಷ್ಟು ದೋಷ. ಬೆಚ್ಚಿದವನು ಬ್ರೇಕಿಗೆ ಕಾಲು ಹಾಕುತ್ತಾನೆ, ಕಾಲು ಬಿದ್ದದ್ದು ರೇಸಿನ ಮೇಲೆ. ಯಂತ್ರದ ಸಣ್ಣ ತಪ್ಪು ಮನುಷ್ಯನ ದೊಡ್ಡ ತಪ್ಪಿಗೆ ಕಿಡಿಯಾಯಿತು.

ಅದೇ ವರ್ಷ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿಚರ್ಡ್ ಶ್ಮಿಟ್ ಎಂಬ ಮನೋವಿಜ್ಞಾನಿ ಇನ್ನೊಂದು ಪ್ರಶ್ನೆಗೆ ಉತ್ತರ ಹುಡುಕಿದರು. ತಪ್ಪು ಪೆಡಲ್ ಒತ್ತಿದವನು ತಕ್ಷಣ ಕಾಲು ಏಕೆ ತೆಗೆಯುವುದಿಲ್ಲ? ಅವರ ವಿವರಣೆ ಸರಳ. ಚಾಲಕ ಆರಿಸಿಕೊಂಡದ್ದು ಬ್ರೇಕನ್ನೇ, ಆಯ್ಕೆಯಲ್ಲಿ ತಪ್ಪಿಲ್ಲ. ಮೆದುಳು ಕೊಟ್ಟ ಆಜ್ಞೆ ಸರಿಯಾಗಿಯೇ ಇದ್ದು, ಸ್ನಾಯುಗಳು ಅದನ್ನು ನಡೆಸುವಾಗ ಕಾಲು ಒಂದಿಷ್ಟು ಪಕ್ಕಕ್ಕೆ ಬಿತ್ತು. ಬಾಣ ಬಿಟ್ಟವನ ಕೈ ಸರಿಯಿದ್ದೂ ಬಾಣ ಒಂದಿಂಚು ಸರಿಯುವುದಿಲ್ಲವೇ, ಹಾಗೆ. ಆಜ್ಞೆ ಸರಿಯಿದ್ದುದರಿಂದ ಮೆದುಳಿಗೆ ಅನುಮಾನವೇ ಬರುವುದಿಲ್ಲ. ತಾನು ಬ್ರೇಕ್ ಮೇಲಿದ್ದೇನೆ ಎಂದು ಅದು ಪೂರ್ತಿ ನಂಬಿರುತ್ತದೆ. ಕಾರು ನುಗ್ಗಿದಷ್ಟೂ ‘ಬ್ರೇಕ್’ ಅನ್ನು ಇನ್ನಷ್ಟು ಬಲವಾಗಿ ಒತ್ತುತ್ತದೆ. ಅಪಘಾತದ ನಂತರ “ಬ್ರೇಕ್ ಒತ್ತಿದ್ದೆ ರೀ, ದೇವರಾಣೆ, ಹಿಡೀಲಿಲ್ಲ” ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರ ಅನುಭವದಲ್ಲಿ ಅದು ನಿಜ. ಇದನ್ನು ಅರಿಯದೆ ನಾವು ಅವರನ್ನು ಸುಳ್ಳುಗಾರರೆಂದೋ ನಾಲಾಯಕರೆಂದೋ ಜರೆಯುತ್ತೇವೆ. ಹೀಗೆ ಪೆಡಲ್ ತಪ್ಪುವುದು ತೀರ ಹೊಸಬರಲ್ಲಿ ಮತ್ತು ತೀರ ವಯಸ್ಸಾದವರಲ್ಲಿ ಹೆಚ್ಚು, ನಿಲುಗಡೆ ಜಾಗಗಳಲ್ಲಿ ಹೆಚ್ಚು ಎಂದು ಆಮೇಲಿನ ಅಧ್ಯಯನಗಳು ತೋರಿಸಿವೆ. ಕುತ್ತಿಗೆ, ಸೊಂಟ ತಿರುವಿ ಹಿಂದೆ ನೋಡುತ್ತ ರಿವರ್ಸ್ ತೆಗೆಯುವಾಗ ದೇಹದ ಕೋನ ಬದಲಾಗಿ, ಹಿಮ್ಮಡಿ ಎದ್ದು, ಪಾದ ತನ್ನ ಜಾಗದ ಲೆಕ್ಕ ತಪ್ಪುತ್ತದೆ.

ಆಡಿ ಮಾಡಿದ ಪರಿಹಾರ ಇಂದು ನಮ್ಮೂರಿನ ಕಾರುಗಳಲ್ಲೂ ಇದೆ. ಬ್ರೇಕ್ ಒತ್ತದೆ ಗೇರ್ ಕಡ್ಡಿ P ಯಿಂದ ಕದಲದಂತೆ ಒಂದು ಬೀಗ. 1987ರಲ್ಲಿ ಸುಮಾರು ಎರಡೂವರೆ ಲಕ್ಷ ಕಾರುಗಳನ್ನು ವಾಪಸು ಕರೆದು ಆ ಬೀಗ ಹಾಕಿಕೊಟ್ಟರು. ಬ್ರೇಕಿನ ಮೇಲೆ ಕಾಲಿದ್ದರೆ ಮಾತ್ರ ಗೇರ್ ಬೀಳುವುದರಿಂದ, ಹೊರಡುವ ಗಳಿಗೆಯ ತಪ್ಪಿಗೆ ಅದು ತಡೆ. ಅಮೆರಿಕದಲ್ಲಿ 2010ರ ಸೆಪ್ಟೆಂಬರ್‌ನಿಂದ ತಯಾರಾಗುವ ಕಾರುಗಳಿಗೆ ಇದು ಕಡ್ಡಾಯವಾಯಿತು. ಕಾರಿನಲ್ಲಿ ಒಂಟಿಯಾಗಿ ಬಿಟ್ಟ ಮಕ್ಕಳು ಗೇರ್ ಕಡ್ಡಿ ಎಳೆದು ಆಗುತ್ತಿದ್ದ ಸಾವುಗಳನ್ನು ತಡೆಯುವ ಕಾನೂನಿನ ಭಾಗವಾಗಿ.

ಇಲ್ಲಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು, ಇಲ್ಲದಿದ್ದರೆ ‘ಚಾಲಕನದೇ ತಪ್ಪು’ ಎಂಬುದು ಕಂಪನಿಗಳಿಗೆ ಅಡಗಿಕೊಳ್ಳುವ ಮರೆಯಾಗುತ್ತದೆ. 2009ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಟೊಯೋಟಾ ಬಳಗದ ಲೆಕ್ಸಸ್ ಕಾರೊಂದು ನಿಲ್ಲದೆ ಓಡಿ ನಾಲ್ವರು ಸತ್ತರು. ಕಾರಿಗೆ ಹೊಂದದ ನೆಲಹಾಸು ರೇಸ್ ಪೆಡಲನ್ನು ಹಿಡಿದಿಟ್ಟಿತ್ತು. ನಂತರದ ಗದ್ದಲದಲ್ಲಿ ನಾಸಾ ಎಂಜಿನಿಯರುಗಳನ್ನೂ ಕರೆಸಿ ಟೊಯೋಟಾದ ಎಲೆಕ್ಟ್ರಾನಿಕ್ಸ್ ಪರೀಕ್ಷಿಸಿದರು. 2011ರ ಫೆಬ್ರುವರಿ ವರದಿ, ಕಾರನ್ನು ತಾನಾಗಿ ನುಗ್ಗಿಸುವಂಥ ದೋಷ ಅದರಲ್ಲಿ ಕಾಣಲಿಲ್ಲ ಎಂದಿತು. ಅಪಘಾತಕ್ಕೀಡಾದ 58 ಕಾರುಗಳೊಳಗಿನ ದಾಖಲೆ ಪೆಟ್ಟಿಗೆ ತೆಗೆದು ನೋಡಿದಾಗ 35ರಲ್ಲಿ ಬ್ರೇಕ್ ಒತ್ತಿದ ಗುರುತೇ ಇರಲಿಲ್ಲ. ಆದರೆ ನೆಲಹಾಸು ಮತ್ತು ಅಂಟಿಕೊಳ್ಳುವ ಪೆಡಲಿನ ವಿಷಯದಲ್ಲಿ ಗ್ರಾಹಕರನ್ನು ದಾರಿ ತಪ್ಪಿಸಿದ್ದಕ್ಕೆ 2014ರಲ್ಲಿ ಟೊಯೋಟಾ ಅಮೆರಿಕ ಸರ್ಕಾರಕ್ಕೆ 120 ಕೋಟಿ ಡಾಲರ್ ಕಟ್ಟಬೇಕಾಯಿತು. ಎರಡೂ ನಿಜ. ಜನ ತಪ್ಪು ಪೆಡಲ್ ಒತ್ತಿದ್ದೂ ನಿಜ, ಕಂಪನಿ ಮುಚ್ಚಿಟ್ಟಿದ್ದೂ ನಿಜ.

ನೆಲಹಾಸಿನ ಮಾತು ಬಂದದ್ದರಿಂದ ನಮ್ಮ ಕಡೆಯದನ್ನೂ ಹೇಳುತ್ತೇನೆ. ಬೀದರಿನ ಕೆಂಪು ಧೂಳಿಗೆ ಹೆದರಿ ಕಂಪನಿಯ ಹಾಸಿನ ಮೇಲೆ ಇನ್ನೊಂದು, ಅದರ ಮೇಲೆ ರಬ್ಬರಿನದೊಂದು ಹಾಕಿಸುವ ಪದ್ಧತಿ ಇದೆ. ಹಾಸು ಮುಂದಕ್ಕೆ ಸರಿದರೆ ಪೆಡಲ್ ಕೆಳಗೆ ಸೇರುತ್ತದೆ. ಸೀಟಿನ ಕೆಳಗಿನ ನೀರಿನ ಬಾಟಲಿ ಉರುಳಿ ಬ್ರೇಕ್ ಹಿಂದೆ ಸಿಕ್ಕಿಕೊಳ್ಳುತ್ತದೆ. ಹಿಮ್ಮಡಿ ಹಿಡಿಯದ ಚಪ್ಪಲಿ ಜಾರುತ್ತದೆ. ಇವು ಯಾವುದಕ್ಕೂ ಎಂಜಿನಿಯರ್ ಬೇಕಿಲ್ಲ, ಇಂದೇ ಸರಿಪಡಿಸಬಹುದು.

P ಇಲ್ಲದ ಕಾರು

ಪೆಡಲಿನಂತೆ ಗೇರ್ ಕಡ್ಡಿಯ ಗೊಂದಲವೂ ಜನರನ್ನು ಕೊಂದಿದೆ. ಮೊದಲ ಯಶಸ್ವಿ ಆಟೊಮ್ಯಾಟಿಕ್, ಜನರಲ್ ಮೋಟರ್ಸ್‌ನ ಹೈಡ್ರಾಮ್ಯಾಟಿಕ್, 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಬಂತು. ಅದರಲ್ಲಿ ಮುಂದಕ್ಕೆ ಹೋಗುವ ಗೇರಿನ ಪಕ್ಕದಲ್ಲೇ ರಿವರ್ಸ್ ಇತ್ತು. ಒಂದೊಂದು ಕಂಪನಿಯದು ಒಂದೊಂದು ಕ್ರಮ. 1968ರಿಂದ ಜಾರಿಗೆ ಬಂದ ಅಮೆರಿಕದ ನಿಯಮ, ಮುಂದಿನ ಗೇರಿಗೂ ರಿವರ್ಸಿಗೂ ನಡುವೆ ನ್ಯೂಟ್ರಲ್ ಇರಲೇಬೇಕು ಎಂದಿತು. ಇಂದು ನಾವು ಕಾಣುವ P, R, N, D ಎಂಬ ಸಾಲು ಹೀಗೆ ನೆಲೆಯಾಯಿತು. ಅದು ಅಲಂಕಾರದ ಸಾಲಲ್ಲ. ಅದಾದ ಮೇಲೂ, P ಯಲ್ಲಿ ನಿಂತಂತೆ ಕಂಡ ಫೋರ್ಡ್ ಕಾರುಗಳು ರಿವರ್ಸಿಗೆ ಜಾರಿ ಜನ ಸತ್ತಾಗ, 1980ರಲ್ಲಿ ಆದ ಒಪ್ಪಂದದಂತೆ ಕಂಪನಿ 2.3 ಕೋಟಿ ವಾಹನಗಳ ಮಾಲೀಕರಿಗೆ ಕಳಿಸಿದ್ದು ಎಚ್ಚರಿಕೆಯ ಚೀಟಿ. ಯಂತ್ರ ಸರಿಪಡಿಸುವ ಬದಲು ಚೀಟಿ ಅಂಟಿಸುವುದು ಎಂಥ ಪರಿಹಾರ ಎಂದು ಇಂದಿಗೂ ನನಗೆ ಸಿಟ್ಟು ಬರುತ್ತದೆ. 2016ರ ಜೂನ್ 19ರಂದು ಹಾಲಿವುಡ್ಡಿನ ಯುವನಟ ಆಂಟನ್ ಯೆಲ್ಚಿನ್ ತನ್ನ ಮನೆಯ ಇಳಿಜಾರಿನಲ್ಲಿ ತನ್ನದೇ ಜೀಪ್ ಗ್ರ್ಯಾಂಡ್ ಚೆರೋಕಿ ಉರುಳಿ ಬಂದು ಸತ್ತ. ಆ ಮಾದರಿಯ ಗೇರ್ ಕಡ್ಡಿ, ಯಾವ ಗೇರ್ ಹಾಕಿದರೂ ಮತ್ತೆ ನಡುವಿಗೆ ಬಂದು ನಿಲ್ಲುತ್ತಿತ್ತು. P ಬಿದ್ದಿದೆಯೋ ಇಲ್ಲವೋ ಕೈಗೆ ತಿಳಿಯುತ್ತಿರಲಿಲ್ಲ. ಆ ದೋಷಕ್ಕಾಗಿ ಸುಮಾರು 11 ಲಕ್ಷ ವಾಹನಗಳನ್ನು ವಾಪಸು ಕರೆಯುವುದಾಗಿ ಕಂಪನಿ ಹೇಳಿ ಆಗಷ್ಟೇ ಎರಡು ತಿಂಗಳಾಗಿತ್ತು.

ನಮ್ಮ ಎಎಂಟಿ ಕಾರುಗಳ ವಿಷಯ ಇನ್ನೂ ಬೇರೆ. ಅವುಗಳಲ್ಲಿ ಅನೇಕಕ್ಕೆ P ಯೇ ಇಲ್ಲ. R, N, D ಮತ್ತು ಕೈಯಿಂದ ಗೇರ್ ಬದಲಿಸುವ M ಅಷ್ಟೇ. ಟಾರ್ಕ್ ಕನ್ವರ್ಟರ್, ಸಿವಿಟಿ ಕಾರುಗಳಲ್ಲಿ P ಹಾಕಿದಾಗ ಒಂದು ಉಕ್ಕಿನ ಕೊಕ್ಕೆ ಗೇರಿನ ಹಲ್ಲಿನೊಳಗೆ ಕೂತು ಚಕ್ರವನ್ನು ಹಿಡಿಯುತ್ತದೆ. ಎಎಂಟಿಯಲ್ಲಿ ಆ ಕೊಕ್ಕೆ ಇಲ್ಲದ ಕಡೆ ಕಾರನ್ನು ಹಿಡಿಯುವುದು ಹ್ಯಾಂಡ್ ಬ್ರೇಕ್, ಜೊತೆಗೆ ಎಂಜಿನ್ ಬಂದ್ ಮಾಡುವಾಗ ಗೇರಿನಲ್ಲೇ ಬಿಡುವುದು. N ನಲ್ಲಿ ಬಿಟ್ಟು, ಹ್ಯಾಂಡ್ ಬ್ರೇಕ್ ಮರೆತರೆ ಹಿಡಿಯುವವರೇ ಇಲ್ಲ. ಬೀದರ್ ನಗರ ಕೂತಿರುವುದು ಪ್ರಸ್ಥಭೂಮಿಯ ಅಂಚಿನಲ್ಲಿ. ಪಾಪನಾಶದ ಕಡೆಗೆ, ನರಸಿಂಹ ಝರಣಿಯ ಕಡೆಗೆ ಹೋಗುವವರಿಗೆ ಇಳಿಜಾರು ಹೊಸದಲ್ಲ. ಅಲ್ಲಿ ಹಿಲ್ ಹೋಲ್ಡ್ ಇಲ್ಲದ ಎಎಂಟಿ ಕಾರು, ಬ್ರೇಕಿನಿಂದ ಕಾಲು ತೆಗೆದು ರೇಸ್ ಮುಟ್ಟುವಷ್ಟರಲ್ಲಿ ಹಿಂದಕ್ಕೆ ಜಾರುತ್ತದೆ. ಹಿಂದೆ ಜಾರಿದ ಭಯಕ್ಕೆ ಕಾಲು ರೇಸನ್ನು ಜೋರಾಗಿ ಅಮುಕುತ್ತದೆ. ಈ ಎರಡನೆಯ ತಪ್ಪೇ ಹೆಚ್ಚು ಅಪಾಯ. ಹಿಲ್ ಹೋಲ್ಡ್ ಇದ್ದರೆ ಬ್ರೇಕ್ ಬಿಟ್ಟ ಮೇಲೂ ಒಂದೆರಡು ಸೆಕೆಂಡು ಕಾರು ನಿಂತೇ ಇರುತ್ತದೆ. ಇಲ್ಲದವರು ಹ್ಯಾಂಡ್ ಬ್ರೇಕ್ ಎತ್ತಿ, ಮೆಲ್ಲಗೆ ರೇಸ್ ಕೊಟ್ಟು, ಗಾಡಿ ಮುಂದಕ್ಕೆ ಎಳೆಯುವುದು ತಿಳಿದ ಮೇಲೆ ಇಳಿಸಬೇಕು. P ಇರುವ ಕಾರಿನಲ್ಲೂ ಇಳಿಜಾರಿನಲ್ಲಿ ಮೊದಲು ಹ್ಯಾಂಡ್ ಬ್ರೇಕ್, ಆಮೇಲೆ P. ಇಲ್ಲದಿದ್ದರೆ ಇಡೀ ಕಾರಿನ ಭಾರ ಆ ಸಣ್ಣ ಕೊಕ್ಕೆಯ ಮೇಲೆ.

ಗಂಜಿನಲ್ಲಿ ಮಾಡಲೇಬಾರದ ಒಂದು ಕೆಲಸವಿದೆ. ಎ.ಸಿ. ಇರಲಿ ಎಂದು ಎಂಜಿನ್ ಬಂದ್ ಮಾಡದೆ, ಮಕ್ಕಳನ್ನು ಒಳಗೆ ಬಿಟ್ಟು ಅಡತ್ ಅಂಗಡಿಗೆ ಹೋಗಿ ಬರುವುದು. ಗೇರ್ ಕಾರಿನಲ್ಲಿ ಮಗು ಗೇರ್ ಜಗ್ಗಿದರೆ ಹಲ್ಲು ಕಿರುಗುಟ್ಟುತ್ತಿತ್ತು ಅಥವಾ ಗಾಡಿ ಜಗ್ಗಿ ಬಂದ್ ಬೀಳುತ್ತಿತ್ತು. ಆಟೊಮ್ಯಾಟಿಕ್ ಬಂದ್ ಬೀಳುವುದಿಲ್ಲ.

ಜಪಾನ್ ಕಲಿತ ಪಾಠ

ಪೆಡಲ್ ತಪ್ಪುವ ಸಮಸ್ಯೆಯನ್ನು ಎಲ್ಲರಿಗಿಂತ ಗಂಭೀರವಾಗಿ ಹಿಡಿದ ದೇಶ ಜಪಾನ್. ಅಲ್ಲಿ ವೃದ್ಧ ಚಾಲಕರು ಬಹಳ, ಕಾರುಗಳಲ್ಲಿ ಬಹುತೇಕ ಆಟೊಮ್ಯಾಟಿಕ್. 2019ರ ಏಪ್ರಿಲ್ 19ರಂದು ಟೋಕಿಯೊದ ಇಕೆಬುಕುರೊದಲ್ಲಿ 87 ವರ್ಷದ ವೃದ್ಧರೊಬ್ಬರ ಕಾರು ನುಗ್ಗಿ 31 ವರ್ಷದ ತಾಯಿ, 3 ವರ್ಷದ ಮಗಳು ಸತ್ತರು. ಬ್ರೇಕ್ ಒತ್ತಿದ್ದೆ, ಕಾರೇ ಕೆಟ್ಟಿತ್ತು ಎಂದು ಆ ಮನುಷ್ಯ ನ್ಯಾಯಾಲಯದಲ್ಲಿ ಕೊನೆಯವರೆಗೂ ಹೇಳಿದರು. ತಪ್ಪು ಪೆಡಲ್ ಒತ್ತಿದ್ದು ದಾಖಲೆಗಳಿಂದ ಸಾಬೀತಾಯಿತು, 2021ರ ಸೆಪ್ಟೆಂಬರ್‌ನಲ್ಲಿ 5 ವರ್ಷದ ಶಿಕ್ಷೆಯಾಯಿತು. ಜಪಾನ್ ಶಿಕ್ಷೆಗೆ ನಿಲ್ಲಲಿಲ್ಲ. ಮುಂದೆ ಗೋಡೆಯೋ ವಾಹನವೋ ಇರುವಾಗ ಚಾಲಕ ರೇಸನ್ನು ತಳಕ್ಕೆ ಒತ್ತಿದರೆ, ಸೆನ್ಸರ್ ಅದನ್ನು ತಪ್ಪೆಂದು ಗುರುತಿಸಿ ಎಂಜಿನ್ ಬಲ ಕಡಿಯುವ ವ್ಯವಸ್ಥೆ ಅಲ್ಲಿ 2012ರ ಆಸುಪಾಸಿನಿಂದಲೇ ಬರತೊಡಗಿತ್ತು. ಅದು ಬೇಗ ಹರಡುವಂತೆ ಸರ್ಕಾರ ಸಹಾಯಧನವನ್ನೂ ಕೊಟ್ಟಿತು. ಹಳೆಯ ಕಾರಿಗೆ ಹಾಕಿಸಬಹುದಾದ ಉಪಕರಣಗಳೂ ಬಂದವು. ಈಗ 2028ರ ಸೆಪ್ಟೆಂಬರ್‌ನಿಂದ ಹೊಸ ಆಟೊಮ್ಯಾಟಿಕ್ ಕಾರುಗಳಿಗೆ ಇದು ಕಡ್ಡಾಯ. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲೂ ಇದಕ್ಕೆಂದೇ ಒಂದು ನಿಯಮ ಸೇರಿದೆ. ಪರೀಕ್ಷೆ ಹೀಗೆ: ಅಡ್ಡಿಯಿಂದ 1 ಮೀಟರ್ ಮತ್ತು 1.5 ಮೀಟರ್ ದೂರದಲ್ಲಿ ನಿಂತ ಕಾರಿನ ರೇಸನ್ನು ಪೂರ್ತಿ ಒತ್ತಬೇಕು. ಕಾರು ಗುದ್ದಬಾರದು, ಗುದ್ದಿದರೂ ವೇಗ ಗಂಟೆಗೆ 8 ಕಿಲೋಮೀಟರ್ ಮೀರಬಾರದು.

1 ಮೀಟರ್, 1.5 ಮೀಟರ್. ಇವು ಗಂಜಿನ ಅಳತೆಗಳು. ಮಾರುತಿಯ ಮೂಲ ಕಂಪನಿ ಸುಜುಕಿ ತನ್ನ ಸಣ್ಣ ಕಾರುಗಳಲ್ಲೂ ಜಪಾನಿನಲ್ಲಿ ಇಂಥ ರಕ್ಷಣೆ ಕೊಡುತ್ತದೆ. ಹಾಗಿರುವಾಗ ಅಗ್ಗದ ಎಎಂಟಿ ಕೊಳ್ಳುವ ಭಾರತೀಯನಿಗೆ ಅದೇಕೆ ಮೊದಲ ಸಾಲಿನ ಬೇಡಿಕೆ ಆಗಬಾರದು? ನಮ್ಮಲ್ಲಿ 2019ರ ಜುಲೈಯಿಂದ ಹೊಸ ಕಾರುಗಳಿಗೆ ಹಿಂಬದಿ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾಗಿದೆ, ಒಳ್ಳೆಯ ಕೆಲಸ. ಆದರೆ ಆ ಸೆನ್ಸರ್ ಕೂಗುತ್ತದೆ ಅಷ್ಟೇ, ಎಂಜಿನ್ನನ್ನು ತಡೆಯುವುದಿಲ್ಲ. ಗಂಜಿನ ಗದ್ದಲದಲ್ಲಿ ಅದು ಎಡೆಬಿಡದೆ ಕೂಗುವುದರಿಂದ ಚಾಲಕನ ಕಿವಿ ಅದನ್ನು ಕೇಳುವುದನ್ನೇ ಬಿಡುತ್ತದೆ. ಎರಡೂ ಪೆಡಲ್ ಒಟ್ಟಿಗೆ ಬಿದ್ದಾಗ ಬ್ರೇಕಿನ ಮಾತನ್ನೇ ಕೇಳುವ ವ್ಯವಸ್ಥೆ ಈಗಿನ ಅನೇಕ ಕಾರುಗಳಲ್ಲಿದೆ; ರೇಸ್ ಒಂದನ್ನೇ ಒತ್ತಿದರೆ ಅದಕ್ಕೂ ಏನೂ ಗೊತ್ತಾಗುವುದಿಲ್ಲ. ಎದುರಿನ ಅಡ್ಡಿ ಕಂಡು ತಾನೇ ಬ್ರೇಕ್ ಹಾಕುವ ಎಡಾಸ್ ಕಾರುಗಳಲ್ಲಿ ಕೂಡ, ಚಾಲಕ ರೇಸನ್ನು ಬಲವಾಗಿ ಒತ್ತಿದರೆ ಅದು ಆತನ ಇಚ್ಛೆ ಎಂದು ತಿಳಿದು ಯಂತ್ರ ಹಿಂದೆ ಸರಿಯುವಂತೆ ಮಾಡಿರುವುದುಂಟು. ಆದ್ದರಿಂದ ಶೋರೂಮಿನಲ್ಲಿ “ಎಡಾಸ್ ಅದ ಸರ್” ಎಂಬ ಉತ್ತರ ಸಾಲದು. ತಪ್ಪಾಗಿ ರೇಸ್ ಒತ್ತಿದರೆ ಇದು ತಡೆಯುತ್ತದೆಯೇ ಎಂದೇ ಕೇಳಬೇಕು.

ಕಲಿಸುವ ಕಡೆಗೂ ನೋಡೋಣ. ಜಪಾನಿನಲ್ಲಿ 1991ರಿಂದ ಆಟೊಮ್ಯಾಟಿಕ್‌ಗೆ ಸೀಮಿತವಾದ ಲೈಸೆನ್ಸ್ ಬೇರೆ ಇದೆ, ಬ್ರಿಟನ್ನಿನಲ್ಲೂ ಇದೆ. ನಮ್ಮಲ್ಲಿ ಕಾರಿನ ಲೈಸೆನ್ಸಿಗೆ ಈ ಭೇದವಿಲ್ಲ. ನಿಯಮದ ಪ್ರಕಾರ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವನ ಕಡೆಗೂ ನಿಯಂತ್ರಣ ಇರಬೇಕು. ಆ ಕಾರು ಸಾಮಾನ್ಯವಾಗಿ ಹಳೆಯ ಗೇರ್ ಕಾರು. ಅದರಲ್ಲಿ ಕಲಿತು, ಮೂವತ್ತು ವರ್ಷ ಅದನ್ನೇ ಓಡಿಸಿದವನು ಆಟೊಮ್ಯಾಟಿಕ್ ಏರಿದ ಮೊದಲ ವಾರ ಅವನ ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕುತ್ತದೆ. ಸಿಗುವುದು ಅಗಲವಾದ ಬ್ರೇಕ್ ಪೆಡಲ್. ಕ್ಲಚ್ಚಿನ ಬಲದಲ್ಲಿ ಬ್ರೇಕ್ ಬಿದ್ದು, ಹಿಂದಿನ ಬೈಕ್ ಬಂದು ಗುದ್ದುತ್ತದೆ. ಕಾರನ್ನು ಮನೆಗೆ ಕಳಿಸುವ ದಿನ ಶೋರೂಮಿನವರು ಹಾರ ಹಾಕಿ, ಫೋಟೊ ತೆಗೆದು, ಮೊಬೈಲ್ ಜೋಡಿಸುವುದನ್ನು ಹೇಳಿಕೊಡುತ್ತಾರೆ. ಅದೇ ಹೊತ್ತಿನಲ್ಲಿ ಖಾಲಿ ಮೈದಾನಕ್ಕೆ ಕರೆದೊಯ್ದು ಬ್ರೇಕ್‌ನಿಂದ ರೇಸಿಗೆ, ರೇಸಿನಿಂದ ಬ್ರೇಕಿಗೆ ಕಾಲು ದಾಟಿಸುವುದನ್ನು ರೂಢಿ ಮಾಡಿಸಬೇಕು. ಮಾರುವವರ ಕರ್ತವ್ಯವಾಗಿ ಸಾರಿಗೆ ಇಲಾಖೆ ಇದನ್ನು ಬರೆಸಿದರೆ ತಪ್ಪೇನು? ನಮ್ಮ ಜಿಲ್ಲೆಯ ಕೆಎ-38, ಕೆಎ-39ರ ಹೊಸ ನಂಬರ್ ಪ್ಲೇಟ್ ಕೊಡುವ ಕಚೇರಿಗಳಿಗೆ ಇದು ಭಾರವಾಗದು.

ಲೆಕ್ಕ ಇಡುವುದರಲ್ಲೂ ನಾವು ಹಿಂದಿದ್ದೇವೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಎಂದು ಕೇಂದ್ರದ ವರದಿ ಹೇಳುತ್ತದೆ. ಅದರಲ್ಲಿ ನಿಯಮ ಉಲ್ಲಂಘನೆಯ ಪಟ್ಟಿ ಇದೆ: ಅತಿವೇಗ, ಕುಡಿತ, ತಪ್ಪು ಬದಿ, ಕೆಂಪು ದೀಪ, ಮೊಬೈಲ್, ಇತರೆ. ತಪ್ಪು ಪೆಡಲ್ ಎಂಬ ಕಾಲಮ್ಮು ಇಲ್ಲ. ನಮ್ಮ ಕಡೆಯ ಠಾಣೆಗಳ ಎಫ್‌ಐಆರ್‌ನಲ್ಲಿ ಬಹುತೇಕ ಎಲ್ಲ ಅಪಘಾತಕ್ಕೂ ಒಂದೇ ಸಾಲು, ‘ಅತಿವೇಗ ಹಾಗೂ ನಿಷ್ಕಾಳಜಿತನದಿಂದ ಚಲಾಯಿಸಿ’. ನಿಂತಲ್ಲಿಂದ ನುಗ್ಗಿದ ಕಾರಿಗೂ ಅದೇ ಸಾಲು ಬಿದ್ದರೆ, ಯಾವ ಮಾದರಿಯ ಕಾರು, ಯಾವ ಬಗೆಯ ಗೇರು, ಚಾಲಕ ಎಷ್ಟು ದಿನದ ಹಿಂದೆ ಆಟೊಮ್ಯಾಟಿಕ್‌ಗೆ ಬಂದವನು ಎಂಬುದೆಲ್ಲ ಕಳೆದುಹೋಗುತ್ತದೆ. ಹಮಾಲನ ಕಾಲು ಮುರಿದದ್ದು ಮಾತ್ರ ಉಳಿಯುತ್ತದೆ. ಆಟೊಮ್ಯಾಟಿಕ್ಕೋ ಅಲ್ಲವೋ ಎಂದು ಬರೆಯುವ ಒಂದೇ ಒಂದು ಕಾಲಮ್ಮು ಸೇರಿಸಿದರೂ ಹತ್ತು ವರ್ಷದಲ್ಲಿ ನಮಗೆ ನಮ್ಮದೇ ಪುರಾವೆ ಸಿಗುತ್ತದೆ.

ಕಾನೂನು, ಕಂಪನಿ ಬದಲಾಗುವವರೆಗೆ ಈಗಾಗಲೇ ಇರುವ ಕಾರಿನಲ್ಲಿ ನಾಳೆಯೂ ಗಂಜಿಗೆ ಹೋಗಬೇಕಲ್ಲ. ಎಡಗಾಲನ್ನು ಎಡಬದಿಯ ಮೆಟ್ಟಿನ ಮೇಲೆ ಒರಗಿಸಿ, ಅಲ್ಲಿಂದ ಎತ್ತದಿರಿ. ಹಿಮ್ಮಡಿಯನ್ನು ಬ್ರೇಕಿನ ನೇರಕ್ಕೆ ನೆಲಕ್ಕೆ ಊರಿ, ರೇಸ್ ಬೇಕಾದಾಗ ಪಾದದ ಮುಂಭಾಗವನ್ನಷ್ಟೇ ಬಲಕ್ಕೆ ತಿರುಗಿಸಿ. ಪಾದ ಸಣ್ಣದಿದ್ದು ಹಾಗೆ ಆಗದಿದ್ದರೆ ಸೀಟು ಮುಂದೆ ಎಳೆಯಿರಿ. ಅಂಗಡಿ ಮುಂದೆ ನಿಲ್ಲಿಸುವಾಗ, ತೆಗೆಯುವಾಗ ತೆವಳಿಕೆಯಲ್ಲೇ ಕೆಲಸ ಮುಗಿಸಿ. ದುಡ್ಡು ಕೊಡಲು, ಫೋನ್ ಎತ್ತಲು, ಹಿಂದಿನ ಸೀಟಿನ ಚೀಲ ತೆಗೆಯಲು ಕೈ ಚಾಚುವ ಮೊದಲು P ಅಥವಾ N, ಜೊತೆಗೆ ಹ್ಯಾಂಡ್ ಬ್ರೇಕ್. D ಯಲ್ಲಿ ಬ್ರೇಕ್ ಒತ್ತಿಕೊಂಡು ಪಕ್ಕಕ್ಕೆ ಬಾಗಿದವನ ಕಾಲು ಅರಿವಿಲ್ಲದೆ ಜಾರುತ್ತದೆ.

ಇಷ್ಟಾದರೂ ಕಾರು ನುಗ್ಗಿತು ಎನ್ನಿ. ಮೊದಲ ಕೆಲಸ ಒತ್ತುವುದಲ್ಲ, ಎತ್ತುವುದು. ಒತ್ತಿದ ಕಾಲನ್ನು ಪೂರ್ತಿ ಎತ್ತಿಬಿಡಬೇಕು. ಅದು ರೇಸಾಗಿದ್ದರೆ ಅಲ್ಲಿಗೇ ಬಲ ನಿಲ್ಲುತ್ತದೆ. ಆಮೇಲೆ ಎಡಪಕ್ಕದ ಅಗಲ ಪೆಡಲನ್ನು ಒಂದೇ ಸಲಕ್ಕೆ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಬಿಟ್ಟು ಬಿಟ್ಟು ಒತ್ತಿದರೆ, ಎಂಜಿನ್ ಏರಿದ ಹೊತ್ತಿನಲ್ಲಿ ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಖಾಲಿಯಾಗಿ ಪೆಡಲ್ ಕಲ್ಲಾಗುತ್ತದೆ. ನೆಲಹಾಸಿಗೆ ಸಿಕ್ಕಿಯೋ ಬೇರೆ ಕಾರಣಕ್ಕೋ ರೇಸ್ ಕಾಲೆತ್ತಿದರೂ ಮೇಲೆ ಬರದಿದ್ದರೆ ಗೇರ್ ಕಡ್ಡಿಯನ್ನು N ಗೆ ತಳ್ಳಬೇಕು. ಎಂಜಿನ್ ಕಿವಿ ಹರಿಯುವಂತೆ ಕೂಗುತ್ತದೆ, ಕೂಗಲಿ. ಚಕ್ರಕ್ಕೆ ಬಲ ಹೋಗುವುದಿಲ್ಲ. ಗಾಡಿ ಓಡುತ್ತಿರುವಾಗ ಕೀಲಿಯನ್ನು ಹೊರಗೆಳೆಯಬೇಡಿ, ಸ್ಟೀರಿಂಗ್ ಬೀಗ ಬೀಳುತ್ತದೆ. ಬಟನ್ ಇರುವ ಕಾರುಗಳಲ್ಲಿ ಓಡುತ್ತಿರುವಾಗ ಎಂಜಿನ್ ಬಂದ್ ಆಗಲು ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಬೇಕೋ, ಮೇಲಿಂದ ಮೇಲೆ ಒತ್ತಬೇಕೋ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಸುತ್ತಿದಂತೆಯೇ ಇರುವ ಪುಸ್ತಕದಲ್ಲಿ ಅದು ಬರೆದಿರುತ್ತದೆ. ಊರಿಗೆ ಬಂದ ಮಗ ವಾಪಸು ಹೋಗುವ ಮುನ್ನ ಆ ಪುಟವನ್ನು ಅಪ್ಪನ ಜೊತೆ ಕೂತು ಓದಲಿ, N ಗೆ ತಳ್ಳುವುದನ್ನು ಖಾಲಿ ಮೈದಾನದಲ್ಲಿ ಅಪ್ಪನ ಕೈಯಿಂದಲೇ ಮಾಡಿಸಲಿ.